ಅತ್ತಿ ಮರದ ಹನಿ ಹಿಡಿದ ನಾಲ್ಕು ತಿಂಗಳು: ಆಲಿಕೆ, ಕ್ಯಾನ್, ಖರ್ಚು, ತಪ್ಪುಗಳು

ಸಕಲೇಶಪುರದಿಂದ ಹಾನುಬಾಳು ಕಡೆ ಹೋಗುವ ದಾರಿಯಲ್ಲಿ ನಮ್ಮದು ಆರು ಎಕರೆ ಅರೇಬಿಕಾ ತೋಟ. ನಡುವೆ ಅಜ್ಜನ ಕಾಲದ ಒಂದು ಅತ್ತಿ ಮರ. ಏಪ್ರಿಲ್‌ನಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರೋದು) ಮಾಡಿಸುವಾಗ ಚಿಕ್ಕಪ್ಪ ಬಂದಿದ್ದರು. "ಅತ್ತಿ ಸೌದೆಗೂ ಬರಲ್ಲ, ತೆಗೆಸು. ಸಿಲ್ವರ್ ಹಾಕಿ ಮೆಣಸು ಹಬ್ಸು" ಅಂದರು. ಸಿಲ್ವರ್ ಅಂದರೆ ಸಿಲ್ವರ್ ಓಕ್ ಮರ. ಅವ್ವ ಒಪ್ಪಲಿಲ್ಲ. "ಅತ್ತಿ ಬುಡದ ಗಿಡ ನೋಡು. ಗೊಬ್ಬರ ತಡ ಆದ್ರೂ ಹಸಿರಾಗೇ ಇರ್ತವೆ. ಅದರ ಹನಿ ಒಳ್ಳೇದು ಕಣೋ" ಅಂದಳು.

ಈ ಮಾತು ಚಿಕ್ಕಂದಿನಿಂದ ಕೇಳಿದ್ದೇನೆ. ಯಾವ ಮರದ ಹನಿ ಒಳ್ಳೇದು, ಯಾವುದು ಗಿಡಕ್ಕೆ ಆಗಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆದರೆ ಹನಿ ಒಳ್ಳೇದು ಅಂದರೆ ಏನು? ಆಕಾಶದಿಂದ ಬಿದ್ದ ನೀರಿಗೂ ಎಲೆ ದಾಟಿ ಗಿಡದ ಮೇಲೆ ಬೀಳುವ ನೀರಿಗೂ ವ್ಯತ್ಯಾಸ ಎಷ್ಟು? ಮರ ಕಡಿದ ಮೇಲೆ ಇದನ್ನು ಅಳೆಯೋಕೆ ಆಗಲ್ಲ. ಹಾಗಾಗಿ ಈ ಮಳೆಗಾಲ ಅಳೆದೇ ನೋಡೋಣ ಅಂತ ಶುರು ಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಕ್ರಮವಾಗಿ ಹಾಕುತ್ತಿದ್ದೇನೆ. ತಪ್ಪುಗಳನ್ನೂ ಬಿಟ್ಟಿಲ್ಲ, ಯಾಕೆಂದರೆ ನನ್ನ ಅರ್ಧ ಮಳೆಗಾಲ ಅವುಗಳಲ್ಲೇ ಹೋಯಿತು. ಬೇರೆ ಯಾರಾದರೂ ಮಾಡಿದರೆ ಅಷ್ಟು ಸಮಯ ಉಳಿಯಲಿ.

ಮೇ 4 – ಸಾಮಾನು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಅನ್ನುವ ಕಾಡಿನಲ್ಲಿ 1963ರಿಂದ ಮಳೆ ನೀರು, ತೊರೆ ನೀರು ಹಿಡಿದು ಅಳೆಯುತ್ತಾ ಬಂದಿದ್ದಾರೆ. ಆ ಕಡೆ ಆಮ್ಲ ಮಳೆಯ ವಿಷಯ ಬೆಳಕಿಗೆ ಬಂದದ್ದೂ ಅಲ್ಲಿಂದಲೇ. ಮಳೆ ಹಿಡಿಯುವ ಸಾಧನದ ಮೂಲ ಮಾತ್ರ ತುಂಬಾ ಸರಳ. ಒಂದು ಆಲಿಕೆ, ಒಂದು ಪೈಪು, ಒಂದು ಕ್ಯಾನು. ಇಷ್ಟು ನಮ್ಮ ಕೈಯಲ್ಲೂ ಆಗುತ್ತೆ ಅನ್ನಿಸಿತು.

ಒಟ್ಟು ಹತ್ತು ಆಲಿಕೆ. ಎರಡು ಬಯಲಿಗೆ, ಅಂದರೆ ಕಾಫಿ ಒಣಗಿಸುವ ಕಣದ ಮಧ್ಯೆ. ನಾಲ್ಕು ಅತ್ತಿ ಮರದಡಿ, ನಾಲ್ಕು ಸಿಲ್ವರ್ ಮರದಡಿ. ಮರದಡಿ ಜಾಸ್ತಿ ಯಾಕೆ ಅಂದರೆ ಅಲ್ಲಿ ಹನಿ ಒಂದೇ ಸಮ ಬೀಳಲ್ಲ. ಒಂದು ಕಡೆ ಧಾರೆ, ಎರಡು ಅಡಿ ಆಚೆ ಬರೀ ತುಂತುರು.

ಅಟ್ಟದಲ್ಲಿ ಹಳೆಯ ತಗಡಿನ ಆಲಿಕೆ ಮೂರು ಇದ್ದವು. ಅವನ್ನೇ ಬಳಸೋಣ ಅಂದುಕೊಂಡೆ. ಆದರೆ ಅದು ಸತು ಲೇಪದ ತಗಡು, ಮಳೆ ನೀರಿಗೆ ಲೋಹ ಬಿಡುತ್ತದೆ. ಔಷಧಿ ಹೊಡೆದು ಖಾಲಿಯಾದ ಕ್ಯಾನುಗಳೂ ಬೇಕಾದಷ್ಟಿದ್ದವು. ಎಷ್ಟು ತೊಳೆದರೂ ಅವು ಬೇಡ. ಪೇಟೆಯಲ್ಲಿ 20 ಸೆಂ.ಮೀ. ಪ್ಲಾಸ್ಟಿಕ್ ಆಲಿಕೆ 85 ರೂಪಾಯಿಗೆ ಒಂದರಂತೆ ಹತ್ತು, 5 ಲೀಟರ್ ಹೊಸ ಕ್ಯಾನ್ 70 ರೂಪಾಯಿಗೆ ಒಂದರಂತೆ ಹತ್ತು ತಂದೆ. ಪೈಪಿಗೆ 16 ಎಂ.ಎಂ. ಕಪ್ಪು ಡ್ರಿಪ್ ಪೈಪ್, ಮೀಟರಿಗೆ 12 ರೂಪಾಯಿ. ಕಪ್ಪಾದ್ದರಿಂದ ಒಳಗೆ ಬೆಳಕು ಹೋಗಲ್ಲ, ಪಾಚಿ ಕಟ್ಟಲ್ಲ. ಕಂಬಕ್ಕೆ ಮನೆಯ ಬಿದಿರು.

ಮೇ 11 – ಕಂಬ ನೆಟ್ಟದ್ದು

ನಮ್ಮ ಅರೇಬಿಕಾ ಗಿಡಗಳ ಎತ್ತರ ಐದು ಅಡಿ. ಆಲಿಕೆಯ ಬಾಯಿ ಆರು ಅಡಿಗೆ ಬರುವಂತೆ ಬಿದಿರು ನೆಟ್ಟೆ. ಇಲ್ಲದಿದ್ದರೆ ಕಾಫಿ ಎಲೆಯ ಹನಿಯೂ ಸೇರುತ್ತದೆ, ನೆಲದ ಕೆಸರೂ ಸಿಡಿಯುತ್ತದೆ. ಆಲಿಕೆಯ ಮೂತಿಗೆ ಡ್ರಿಪ್ ಪೈಪ್ ಸಿಕ್ಕಿಸಿ, ಕೆಳಗೆ ಗೋಣಿಚೀಲ ಸುತ್ತಿದ ಕ್ಯಾನಿಗೆ ಇಳಿಸಿದೆ. ಎಲೆ, ಹುಳ ಬೀಳದಂತೆ ಸೊಳ್ಳೆ ಪರದೆಯ ತುಂಡು.

ಎಲ್ಲವನ್ನೂ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ ತೊಳೆದೆ. ಸೋಪು ಮುಟ್ಟಿಸಲಿಲ್ಲ. ಕೈ ಬೆವರಿನಲ್ಲಿ ಉಪ್ಪಿದೆ, ಹಾಗಾಗಿ ಆಲಿಕೆಯ ಒಳಭಾಗ ಬರಿಗೈಯಲ್ಲಿ ಮುಟ್ಟಬಾರದು. ನಾನು ಹಾಲು ಪ್ಯಾಕೆಟ್ ಕವರನ್ನು ಕೈಗೆ ಹಾಕಿಕೊಂಡೆ. ಅದು ಸರಿಯಾಗಲಿಲ್ಲ, ಆಮೇಲೆ ಗ್ಲೌಸ್ ತಂದೆ.

ಒಂದು ಅಳತೆಯ ತಪ್ಪು ಇಲ್ಲೇ ಆಯಿತು. ಆಲಿಕೆ 20 ಸೆಂ.ಮೀ. ಅಂತ ಅಂಗಡಿಯವರು ಹೇಳಿದ್ದನ್ನೇ ಬರೆದುಕೊಂಡೆ. ಅದು ಹೊರಗಿನ ಅಳತೆ. ಒಳ ಅಂಚಿನಿಂದ ಅಂಚಿಗೆ 19.2 ಸೆಂ.ಮೀ. ಮಾತ್ರ ಇತ್ತು. ಬಾಯಿಯ ವಿಸ್ತಾರ 314 ಅಲ್ಲ, 289.5 ಚದರ ಸೆಂ.ಮೀ. ಅಂದರೆ 1 ಮಿ.ಮೀ. ಮಳೆಗೆ 29 ಎಂ.ಎಲ್. ನೀರು. ಇದನ್ನು ಗಮನಿಸಿದ್ದು ಜೂನ್ ಕೊನೆಗೆ. ಅಲ್ಲಿಯವರೆಗಿನ ಎಲ್ಲ ಲೆಕ್ಕವನ್ನೂ ತಿದ್ದಬೇಕಾಯಿತು.

ಮೇ 25 – ಮೊದಲ ಮಳೆ, ಖಾಲಿ ಕ್ಯಾನ್

ಸಂಜೆ ಗುಡುಗಿನ ಮಳೆ. ಮನೆಯ ರೇನ್‌ಗೇಜಿನಲ್ಲಿ 1 ಇಂಚು 10 ಸೆಂಟ್ಸ್, ಅಂದರೆ ಸುಮಾರು 28 ಮಿ.ಮೀ. ಬೆಳಗ್ಗೆ ಓಡಿ ಹೋದರೆ ಆರು ಕ್ಯಾನಿನಲ್ಲಿ ಅಂಗೈಯಷ್ಟೂ ನೀರಿಲ್ಲ, ಆಲಿಕೆಗಳು ಮಾತ್ರ ತುಂಬಿ ತುಳುಕುತ್ತಿವೆ. ಪರದೆ ಕಟ್ಟಿರಬೇಕು ಅಂತ ಬಿಚ್ಚಿ ನೋಡಿದೆ, ಅಲ್ಲ.

ತೋಟದ ಕೆಲಸಕ್ಕೆ ಬರುವ ಮಂಜಣ್ಣ ಒಂದೇ ನೋಟಕ್ಕೆ ಹೇಳಿದರು: "ಅಣ್ಣಾ, ಗಾಳಿ ಹೋಗೋಕೆ ದಾರಿ ಎಲ್ಲಿಟ್ಟಿದೀರಿ?" ಕ್ಯಾನಿನ ಮುಚ್ಚಳಕ್ಕೆ ಪೈಪಿನ ಅಳತೆಗೆ ಸರಿಯಾಗಿ ತೂತು ಮಾಡಿ ಸುತ್ತ ಟೇಪ್ ಬಿಗಿದಿದ್ದೆ. ಒಳಗಿನ ಗಾಳಿ ಹೊರಗೆ ಬರದೆ ನೀರು ಇಳಿಯಲೇ ಇಲ್ಲ. ಕಾಯಿಸಿದ ಮೊಳೆಯಿಂದ ಮುಚ್ಚಳದ ಬದಿಗೆ ಸಣ್ಣ ತೂತು ಮಾಡಿ, ಅದಕ್ಕೆ ಪರದೆ ಅಂಟಿಸಿದೆವು. ಮತ್ತೆ ಈ ತೊಂದರೆ ಬರಲಿಲ್ಲ.

ಅಳೆಯೋಕೆ ಮೊದಲು 250 ರೂಪಾಯಿಯ ಟಿ.ಡಿ.ಎಸ್. ಪೆನ್ (ಕುಡಿಯುವ ನೀರಿನ ಲವಣ ನೋಡುವ ಪೆನ್) ತಂದಿದ್ದೆ. ಮಳೆ ನೀರಿಗೆ ಅದು ಸಾಲದು. 3, 4 ಅಂತ ತೋರಿಸಿ ಸುಮ್ಮನಾಗುತ್ತದೆ. ಆಮೇಲೆ 1,450 ರೂಪಾಯಿಯ ಇ.ಸಿ. ಪೆನ್ ತರಿಸಿದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವ ಪೆನ್ ಅದು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅನ್ನೋದಕ್ಕೆ ಇದು ಸುಲಭದ ಕೈಮರ. ಡಿಸ್ಟಿಲ್ಡ್ ವಾಟರ್ 2 ಮೈಕ್ರೋಸೀಮನ್ಸ್ ತೋರಿಸಿತು. ನಮ್ಮ ಬಾವಿ ನೀರು 90.

ಜೂನ್ 9 – ಸಿಲ್ವರ್ ಗೆದ್ದಿತು ಅಂತ ಬರೆದು ಹೊಡೆದು ಹಾಕಿದ್ದು

ಮೊದಲ ಸರಿಯಾದ ಓದು, ಇ.ಸಿ. ಪೆನ್ನಿನ ಅಂಕಿ. ಬಯಲು 14. ಅತ್ತಿ 62. ಸಿಲ್ವರ್ 118! ಪಿಎಚ್ (ನೀರಿನ ಹುಳಿಯ ಅಳತೆ, 7 ಅಂದರೆ ಸಪ್ಪೆ, ಅದಕ್ಕಿಂತ ಇಳಿದಷ್ಟೂ ಹುಳಿ) ಕೂಡ ಸಿಲ್ವರ್ ಅಡಿ 7.4 ಬಂತು, ಬಯಲಿನದು 5.8. ಏನೂ ಕೊಳೆ ಇಲ್ಲದ ಮಳೆ ನೀರು ಕೂಡ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಸುಮಾರು 5.6 ಇರುತ್ತದೆ, ಹಾಗಾಗಿ ಬಯಲಿನದು ಸರಿ ಇತ್ತು. ಸಿಲ್ವರ್ ಲೆಕ್ಕ ನೋಡಿ ಚಿಕ್ಕಪ್ಪನ ಮಾತೇ ಸರಿಯೇನೋ ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದೂ ಬಿಟ್ಟೆ.

ಎರಡು ದಿನ ಬಿಟ್ಟು ಪರದೆ ಬದಲಿಸುವಾಗ ಕಂಡಿತು. ಪರದೆಯ ಎಳೆಗಳ ಮೇಲೆ ತಿಳಿ ನೀಲಿ ಪುಡಿ. ಉಗುರಲ್ಲಿ ಕೆರೆದರೆ ಬರುತ್ತಿತ್ತು. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಕೊಳೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಸಿದ್ದೆವು, ಮೆಣಸು ಇದ್ದದ್ದು ಅದೇ ಸಿಲ್ವರ್ ಮರಗಳ ಮೇಲೆ. ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ನಾನು ಅಳೆದದ್ದು ಮರದ ಹನಿಯನ್ನಲ್ಲ, ನಾವೇ ಹೊಡೆದ ಸುಣ್ಣವನ್ನು.

ನಾಲ್ಕೂ ಕಂಬ ಕಿತ್ತು ಬೇಲಿ ಬದಿಗೆ, ಮೆಣಸು ಹಬ್ಬಿಸದ ಸಿಲ್ವರ್ ಮರಗಳಡಿ ನೆಟ್ಟೆ. ಆಲಿಕೆ, ಪೈಪು ಹೊಸದು ಬೇಕಾಗಲಿಲ್ಲ, ಆದರೆ ತೊಳೆದ ನೀರು ಮತ್ತೆ 2–3 ತೋರಿಸುವವರೆಗೆ ಐದು ಸಲ ತೊಳೆಯಬೇಕಾಯಿತು. ಕಾಫಿ ಸೀಮೆಯಲ್ಲಿ ಯಾರೇ ಇದನ್ನು ಮಾಡಲಿ, ಮೊದಲು ಸಿಂಪರಣೆಯ ತಾರೀಖು ನೋಡಿಕೊಳ್ಳಿ. ಸುಣ್ಣ, ಬೋರ್ಡೋ, ಎಲೆಗೆ ಹೊಡೆಯುವ ಯೂರಿಯಾ ಎಲ್ಲವೂ ಹನಿಯಲ್ಲಿ ಇಳಿಯುತ್ತವೆ.

ಜೂನ್ 20 – ಹಕ್ಕಿ, ಹಣ್ಣು, ಬಾವಲಿ

ಕಂಬದ ತುದಿಯ ಆಲಿಕೆ ಪಿಕಳಾರಗಳಿಗೆ ಒಳ್ಳೆಯ ಆಸನ ಆಗಿಬಿಟ್ಟಿತು. ಒಂದು ಹಿಕ್ಕೆ ಬಿದ್ದರೆ ಆ ಕ್ಯಾನಿನ ಲೆಕ್ಕ ಮುಗಿಯಿತು. ಆಲಿಕೆಯ ಸುತ್ತ ತಂತಿ ಬಳೆ ಹಾಕಿ, ಅದಕ್ಕೆ ನೈಲಾನ್ ಟೈಗಳನ್ನು ಮುಳ್ಳಿನ ಹಾಗೆ ಮೇಲ್ಮುಖವಾಗಿ ನಿಲ್ಲಿಸಿದೆ. 80 ರೂಪಾಯಿ ಖರ್ಚು. ಹಕ್ಕಿ ಮತ್ತೆ ಕೂರಲಿಲ್ಲ.

ಅತ್ತಿಗೆ ಬೇರೆಯದೇ ಸಮಸ್ಯೆ. ಹಣ್ಣು ಬಿಟ್ಟಾಗ ರಾತ್ರಿ ಬಾವಲಿ ಬರುತ್ತವೆ, ತಿಂದು ಉಗಿದದ್ದು ಪರದೆ ಮೇಲೆ ಬೀಳುತ್ತದೆ. ಅದನ್ನು ಎರಡು ದಿನ ಹಾಗೇ ಬಿಟ್ಟರೆ ಮಳೆ ನೀರು ಕಷಾಯದ ಹಾಗೆ ಅದರ ಸಾರ ಇಳಿಸಿಕೊಂಡು ಕ್ಯಾನಿಗೆ ಹೋಗುತ್ತದೆ. ಹಾಗಾಗಿ ಹಣ್ಣಿನ ದಿನಗಳಲ್ಲಿ ಬೆಳಗ್ಗೆ ಸಂಜೆ ಪರದೆ ಕೊಡವಿದೆ. ಆದರೂ ಆರು ಓದುಗಳನ್ನು ಬಿಟ್ಟುಬಿಟ್ಟೆ. ಹಣ್ಣೂ ಬಾವಲಿಯೂ ಮರದ ಭಾಗವೇ ಅಲ್ವಾ ಅಂತ ಮಗಳು ಕೇಳಿದಳು. ಅವಳು ಕೇಳಿದ್ದು ಸರಿಯೇ. ಗಿಡಕ್ಕೆ ಅದೂ ಸಿಗುತ್ತದೆ. ಆದರೆ ನಾನು ಕೇಳುತ್ತಿರುವುದು ಎಲೆ ದಾಟಿದ ನೀರಿನ ಬಗ್ಗೆ. ಎರಡನ್ನೂ ಸೇರಿಸಿದರೆ ಯಾವುದು ಎಷ್ಟು ಅಂತ ಹೇಳೋಕೆ ಆಗಲ್ಲ. ಬಿಟ್ಟ ಓದುಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟಿದ್ದೇನೆ.

ಜುಲೈ 2 – ಬೊಡ್ಡೆ ನೀರು, ಮತ್ತು ಹುಳಿ ವಾಸನೆ

ಮಳೆ ಜೋರಾದಾಗ ಅತ್ತಿ ಬೊಡ್ಡೆಯ ಮೇಲೆ ನೀರು ಹಾವಿನ ಹಾಗೆ ಇಳಿಯೋದು ಕಾಣುತ್ತಿತ್ತು. ಅದನ್ನೂ ಹಿಡಿಯಬೇಕು ಅನ್ನಿಸಿತು. ಒಂದಿಂಚಿನ ತೋಟದ ಪೈಪ್ ಆರು ಮೀಟರ್ ತಂದು ಉದ್ದಕ್ಕೆ ಸೀಳಿದೆ. ಎದೆ ಎತ್ತರದಿಂದ ಶುರು ಮಾಡಿ ಬೊಡ್ಡೆಗೆ ಒಂದೂವರೆ ಸುತ್ತು ಓರೆಯಾಗಿ ಸುತ್ತಿ, ಸಣ್ಣ ಮೊಳೆಯಿಂದ ಹಿಡಿಸಿ, ಕೆಳ ಅಂಚಿಗೆ ಸಿಲಿಕಾನ್ ತುಂಬಿದೆ. ಕೆಳ ತುದಿ 20 ಲೀಟರ್ ಕ್ಯಾನಿಗೆ. ಅದು ಒಂದು ಗಂಟೆಯ ಮಳೆಗೇ ತುಂಬಿ ಹರಿಯಿತು. ಹಳೆಯ 100 ಲೀಟರ್ ನೀಲಿ ಡ್ರಮ್ 500 ರೂಪಾಯಿಗೆ ತಂದು ಇಟ್ಟೆ.

ಮೊದಲ ಓದು: ಪಿಎಚ್ 4.3.

ನಾನು ಗಾಬರಿಯಾದೆ. ಮರದ ಬೊಡ್ಡೆಯಿಂದ ಇಷ್ಟು ಹುಳಿ ನೀರು ಬುಡಕ್ಕೆ ಇಳಿಯುತ್ತಿದೆಯಾ? ಕೃಷಿ ಓದಿದ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನೂ ಆಶ್ಚರ್ಯ ಪಟ್ಟ. ಮರುದಿನವೂ 4.4. ಮೂರನೇ ದಿನ ಡ್ರಮ್ ಮುಚ್ಚಳ ತೆಗೆದಾಗ ಮೂಗಿಗೆ ವಿನೆಗರ್ ವಾಸನೆ ಬಡಿಯಿತು. ಮರದ ವಾಸನೆ ಅಲ್ಲ, ಅಂಗಡಿಯ ವಿನೆಗರ್ ವಾಸನೆ.

ಉಳಿದಿದ್ದ ಸಿಲಿಕಾನ್ ಟ್ಯೂಬ್ ಮೂಸಿದೆ. ಅದೇ. ಒಂದು ಬೆರಳುದ್ದದ ಸಿಲಿಕಾನ್ ತುಂಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ರಾತ್ರಿ ಇಟ್ಟೆ. ಬೆಳಗ್ಗೆ ಪಿಎಚ್ 4.1. ಸಾಮಾನ್ಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅಂದರೆ ವಿನೆಗರಿನಲ್ಲಿರುವ ಅದೇ ಆಮ್ಲ. ಮಳೆ ನೀರಿಗೆ ಅದನ್ನು ತಡೆಯುವ ಶಕ್ತಿ ಸ್ವಲ್ಪವೂ ಇಲ್ಲ, ಚೂರು ಆಮ್ಲ ಬಿದ್ದರೂ ಪಿಎಚ್ ಧಡಕ್ಕನೆ ಇಳಿಯುತ್ತದೆ. ಎಲ್ಲವನ್ನೂ ಚಾಕುವಿನಿಂದ ಕೆರೆದು ತೆಗೆದು, 'ನ್ಯೂಟ್ರಲ್ ಕ್ಯೂರ್' ಅಂತ ಬರೆದಿರುವ ಇನ್ನೊಂದು ಜಾತಿಯದನ್ನು 320 ರೂಪಾಯಿಗೆ ತಂದು ಹಾಕಿದೆ. ಅದಕ್ಕೆ ವಾಸನೆ ಇಲ್ಲ. ಅದನ್ನೂ ಮೊದಲು ನೀರಿನಲ್ಲಿ ಇಟ್ಟು ಪರೀಕ್ಷೆ ಮಾಡಿಯೇ ಹಾಕಿದ್ದು. ಮರ ತೊಳೆದುಕೊಳ್ಳಲಿ ಅಂತ ಒಂದು ವಾರ ಬಿಟ್ಟೆ. ಆಮೇಲಿನ ಓದು ಪಿಎಚ್ 6.2, ಇ.ಸಿ. 96.

ಗೆಳೆಯನಿಗೆ ಮತ್ತೆ ಫೋನ್ ಮಾಡಿ ಹಿಂದಿನ ಮಾತು ತಪ್ಪು ಅಂತ ಹೇಳಿದೆ.

ಜುಲೈ 16 – ಪುನರ್ವಸು ಮಳೆ, ತುಂಬಿ ಹರಿದ ಕ್ಯಾನುಗಳು

ಮೂರು ದಿನದಲ್ಲಿ ರೇನ್‌ಗೇಜಿನಲ್ಲಿ 11 ಇಂಚು. ಅಂದರೆ ಸುಮಾರು 280 ಮಿ.ಮೀ. ನನ್ನ ಆಲಿಕೆಗೆ ಅದು 8 ಲೀಟರ್ ಮೇಲೆ. ಕ್ಯಾನ್ 5 ಲೀಟರಿಂದು. ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ಆ ಕಡೆಯ ಪಟ್ಟೆಗೆ ಹೋಗೋಕೂ ಆಗಲಿಲ್ಲ. ಹತ್ತಕ್ಕೆ ಹತ್ತೂ ಉಕ್ಕಿ ಹರಿದವು. ತುಂಬಿದ ಕ್ಯಾನಿನಲ್ಲಿ ಯಾವ ಹೊತ್ತಿನ ನೀರು ಉಳಿಯಿತು, ಯಾವುದು ಹೋಯಿತು ಅಂತ ಗೊತ್ತಾಗಲ್ಲ, ಮೊದಲ ನೀರು ಗಟ್ಟಿ, ಆಮೇಲಿನದು ತೆಳು. ಆ ವಾರದ ಲೆಕ್ಕ ಪೂರ್ತಿ ಹೋಯಿತು.

ಮಲೆನಾಡಿನಲ್ಲಿ ಹುಟ್ಟಿ ಬೆಳೆದು ಜುಲೈ ಮಳೆಗೆ 5 ಲೀಟರ್ ಕ್ಯಾನ್ ಇಟ್ಟದ್ದು ನನ್ನದೇ ತಪ್ಪು, ಲೆಕ್ಕ ಮೊದಲೇ ಹಾಕಬೇಕಿತ್ತು. 20 ಲೀಟರ್ ಕ್ಯಾನ್ 160 ರೂಪಾಯಿಗೆ ಒಂದರಂತೆ ಹತ್ತು ತಂದೆ. ಅವು 690 ಮಿ.ಮೀ. ತಡೆಯುತ್ತವೆ. ಅಷ್ಟು ನೀರನ್ನು ಅಳತೆ ಜಾಡಿಯಲ್ಲಿ ಅಳೆಯೋದು ಕಷ್ಟ. ಕಾಫಿ ತೂಗುವ ಡಿಜಿಟಲ್ ತಕ್ಕಡಿಗೆ ಕ್ಯಾನ್ ತೂಗುಹಾಕಿ ಖಾಲಿ ತೂಕ ಕಳೆದರೆ ಆಯಿತು. ಒಂದು ಕೆ.ಜಿ. ಒಂದು ಲೀಟರ್.

ಈ ಮಳೆಯಲ್ಲಿ ಒಂದು ಒಳ್ಳೆಯ ಓದು ಸಿಕ್ಕಿತು. ಹೊಸ ಕ್ಯಾನ್ ಇಟ್ಟ ಮೇಲೆ ನಿಲ್ಲದೆ ಸುರಿದ ಎರಡು ದಿನ: ಬಯಲು 6, ಸಿಲ್ವರ್ 13, ಅತ್ತಿ 24. ಎಲ್ಲವೂ ತೆಳು. ಆದರೂ ಅತ್ತಿ ಬಯಲಿನ ನಾಲ್ಕು ಪಟ್ಟು. ಎಲೆ ತೊಳೆದು ತೊಳೆದು ಖಾಲಿಯಾಗಿರಬೇಕು ಅಂದುಕೊಂಡಿದ್ದೆ, ಆಗಿರಲಿಲ್ಲ. ಎಲೆಯ ಮೇಲೆ ಕೂತ ಧೂಳು ಮಾತ್ರ ಆಗಿದ್ದರೆ ಅಷ್ಟು ಹೊತ್ತಿಗೆ ಮುಗಿಯಬೇಕಿತ್ತು. ಎಲೆಯ ಒಳಗಿನಿಂದಲೂ ಬರುತ್ತಿದೆ ಅನ್ನೋದಕ್ಕೆ ನನಗೆ ಸಿಕ್ಕ ಮೊದಲ ಗುರುತು ಇದು.

ಆಗಸ್ಟ್ 5 – ಲ್ಯಾಬಿನ ಕಾಗದ

ಇ.ಸಿ. ಪೆನ್ ಲವಣ ಇದೆ ಅನ್ನುತ್ತದೆ, ಯಾವುದು ಅಂತ ಹೇಳಲ್ಲ. ಪೊಟ್ಯಾಸಿಯಂ ಎಷ್ಟು ಅಂತ ನೋಡಲು ಮೂರು ಬಾಟಲಿ ಹಾಸನದ ಒಂದು ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆ. ಒಂದಕ್ಕೆ 250 ರೂಪಾಯಿ. ಪೊಟ್ಯಾಸಿಯಂ ಯಾಕೆ ಅಂದರೆ ಎಲೆಯಲ್ಲಿ ಅದು ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಂಡಿರಲ್ಲ, ರಸದಲ್ಲಿ ಕರಗಿಯೇ ಇರುತ್ತದೆ. ಹಾಗಾಗಿ ಮಳೆಗೆ ಎಲ್ಲಕ್ಕಿಂತ ಸುಲಭವಾಗಿ ತೊಳೆದು ಬರೋದು ಅದೇ.

ಫಲಿತಾಂಶ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಬಯಲು 2.9, ಸಿಲ್ವರ್ 3.8, ಅತ್ತಿ 7.1.

ಬಯಲಿನ ಮಳೆಯಲ್ಲಿ 2.9? ಆಕಾಶದಿಂದ ಪೊಟ್ಯಾಷ್ ಸುರಿಯುತ್ತಿದೆ ಅಂದ ಹಾಗಾಯಿತು. ಇ.ಸಿ. 9 ಇದ್ದ ನೀರಿನಲ್ಲಿ ಅಷ್ಟು ಇರೋಕೆ ಸಾಧ್ಯವೇ ಇಲ್ಲ ಅನ್ನಿಸಿತು. ಲ್ಯಾಬಿನವರಿಗೆ ಫೋನ್ ಮಾಡಿದೆ. ಅಲ್ಲಿನ ಮೇಡಂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಸರ್, ಈ ಬಾಟಲಿಗೆ ಪಿಎಚ್ ಪೆನ್ ಅದ್ದಿದ್ರಾ?"

ಅದ್ದಿದ್ದೆ. ಮೂರಕ್ಕೂ. ಮತ್ತೆ ಮತ್ತೆ ಅದ್ದಿದ್ದೆ, ಯಾಕೆಂದರೆ ಮಳೆ ನೀರಿನಲ್ಲಿ ಲವಣ ಕಡಿಮೆ, ಪಿಎಚ್ ಪೆನ್ನಿನ ಅಂಕಿ ನಿಲ್ಲೋಕೆ ನಾಲ್ಕೈದು ನಿಮಿಷ ಬೇಕು. ಪೆನ್ನಿನ ಗಾಜಿನ ತುದಿಯನ್ನು ಒಣಗದಂತೆ ಇಡುವ ಮುಚ್ಚಳದ ದ್ರಾವಣ ಏನು? ಪೊಟ್ಯಾಸಿಯಂ ಕ್ಲೋರೈಡ್! ತುಂಬಾ ಗಟ್ಟಿ ದ್ರಾವಣ. ಅದರ ಒಂದು ಹನಿಯ ಹತ್ತನೇ ಒಂದು ಪಾಲು ಕಾಲು ಲೀಟರ್ ಮಳೆ ನೀರಿಗೆ ಬಿದ್ದರೂ ನನ್ನ ಲೆಕ್ಕ ಕೆಡುತ್ತದೆ.

ಮನೆಯಲ್ಲೇ ಮಾಡಿ ನೋಡಿದೆ. ಕಾಲು ಲೀಟರ್ ಡಿಸ್ಟಿಲ್ಡ್ ವಾಟರ್, ಇ.ಸಿ. 2. ಪಿಎಚ್ ಪೆನ್ನನ್ನು ಬಟ್ಟೆಯಲ್ಲಿ ಒರೆಸಿ ಐದು ನಿಮಿಷ ಅದ್ದಿ ತೆಗೆದೆ. ಇ.ಸಿ. 12.

ಅಂದಿನಿಂದ ಕ್ರಮ ಹೀಗೆ. ಮೊದಲು ಲ್ಯಾಬಿನ ಬಾಟಲಿ ತುಂಬಿ ಮುಚ್ಚಿ ಫ್ರಿಜ್ಜಿಗೆ. ಆಮೇಲೆ ಬೇರೆ ಲೋಟದಲ್ಲಿ ಇ.ಸಿ. ಕೊನೆಗೆ ಅದೇ ಲೋಟದಲ್ಲಿ ಪಿಎಚ್, ಆ ನೀರು ಚೆಲ್ಲುವುದು. 750 ರೂಪಾಯಿ ಹೋಯಿತು. ಆದರೆ ಹೇಳಿಕೊಟ್ಟ ಆ ಮೇಡಂ ಇಲ್ಲದಿದ್ದರೆ ತಪ್ಪು ಅಂಕಿಯನ್ನೇ ನಂಬಿ ಕೂತಿರುತ್ತಿದ್ದೆ.

ಆಗಸ್ಟ್ 8ರಿಂದ 24 – ಸರಿಯಾಗಿ ಹಿಡಿದ ಹದಿನೇಳು ದಿನ

ಆಶ್ಲೇಷ ಮುಗಿದು ಮಖೆ ಮಳೆ ಶುರುವಾದ ದಿನಗಳು. ಮೂರು ದಿನಕ್ಕೊಮ್ಮೆ ಎಲ್ಲ ಕ್ಯಾನ್ ತೂಗಿ, ಪ್ರತಿ ಕೆ.ಜಿ.ಗೆ 20 ಎಂ.ಎಲ್. ನಂತೆ ತೆಗೆದು ಮೂರು ದೊಡ್ಡ ಬಾಟಲಿಗೆ ಸೇರಿಸುತ್ತಾ ಬಂದೆ. ಹೀಗೆ ಮಾಡಿದರೆ ಜಾಸ್ತಿ ಮಳೆ ಬಂದ ದಿನಕ್ಕೆ ಜಾಸ್ತಿ ಪಾಲು, ಕಡಿಮೆ ದಿನಕ್ಕೆ ಕಡಿಮೆ ಪಾಲು ಸಿಗುತ್ತದೆ. ಜೂನ್‌ನಲ್ಲಿ ನಾನು ಬರೀ ಓದುಗಳನ್ನು ಕೂಡಿಸಿ ಭಾಗಿಸುತ್ತಿದ್ದೆ, ಅದು ತಪ್ಪು. ಪಿಎಚ್‌ಗಂತೂ ಹಾಗೆ ಮಾಡಲೇಬಾರದು. 5 ಮತ್ತು 6 ಇರುವ ಸಮ ಪ್ರಮಾಣದ ಮಳೆ ನೀರು ಬೆರೆಸಿದರೆ 5.5 ಬರಲ್ಲ, 5.26ರ ಹತ್ತಿರ ಬರುತ್ತದೆ.

ನೀರಿನ ಲೆಕ್ಕ: ಬಯಲಿಗೆ ಬಿದ್ದದ್ದು 212 ಮಿ.ಮೀ. ಸಿಲ್ವರ್ ಅಡಿ ಸರಾಸರಿ 186. ಅತ್ತಿ ಅಡಿ 171. ಉಳಿದದ್ದರಲ್ಲಿ ಹೆಚ್ಚಿನದು ಎಲೆ, ಕೊಂಬೆಯ ಮೇಲೇ ನಿಂತು ಆವಿಯಾಯಿತು, ಸ್ವಲ್ಪ ಬೊಡ್ಡೆ ಮೇಲೆ ಇಳಿಯಿತು. ಅತ್ತಿಯ ಮೂರನೇ ಆಲಿಕೆ ಒಂದೇ 255 ಮಿ.ಮೀ. ಹಿಡಿದಿತ್ತು, ಬಯಲಿಗಿಂತಲೂ ಜಾಸ್ತಿ. ಮೇಲೆ ನೋಡಿದರೆ ಎರಡು ಕೊಂಬೆ ಕೂಡುವ ಕಡೆಯಿಂದ ನೇರ ಧಾರೆ. ಒಂದೇ ಆಲಿಕೆ ಇಟ್ಟಿದ್ದರೆ, ಅದೂ ಅಲ್ಲೇ ಇಟ್ಟಿದ್ದರೆ, ಏನೇನು ಅಂದುಕೊಳ್ಳುತ್ತಿದ್ದೆನೋ.

ಈ ಸಲ ನಾಲ್ಕು ಬಾಟಲಿ, ಐಸ್ ಪ್ಯಾಕ್ ಜೊತೆ. ಇ.ಸಿ. ಬಯಲು 9, ಸಿಲ್ವರ್ 19, ಅತ್ತಿ 41. ಪಿಎಚ್ 5.7, 6.0, 6.5. ಪೊಟ್ಯಾಸಿಯಂ ಬಯಲು 0.3, ಸಿಲ್ವರ್ 1.6, ಅತ್ತಿ 4.8, ಅತ್ತಿ ಬೊಡ್ಡೆ ನೀರು 9.1.

ಮಳೆ ಹುಳಿಯಾಗಿ ಬಂದು ಅತ್ತಿ ಎಲೆ ದಾಟುವಷ್ಟರಲ್ಲಿ ಸಪ್ಪೆಯ ಕಡೆ ವಾಲುತ್ತದೆ. ಎಲೆ ಮಳೆಯ ಹುಳಿಯನ್ನು ಹಿಡಿದುಕೊಂಡು ಪೊಟ್ಯಾಸಿಯಂ, ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ. ಅಗಲ ಎಲೆಯ ಮರಗಳಲ್ಲಿ ಇದು ಸಾಮಾನ್ಯ. ಯುರೋಪಿನ ಸ್ಪ್ರೂಸ್ ಕಾಡುಗಳಲ್ಲಿ ಎಷ್ಟೋ ಸಲ ಇದಕ್ಕೆ ತದ್ವಿರುದ್ಧ, ಸೂಜಿ ಎಲೆಗಳು ಗಾಳಿಯಲ್ಲಿನ ಆಮ್ಲದ ಕಣಗಳನ್ನು ಸೋಸಿ ಹಿಡಿದು ಮರದಡಿ ನೀರನ್ನು ಇನ್ನೂ ಹುಳಿ ಮಾಡುತ್ತವೆ. ಹಾಗೆಯೇ ಮರದಡಿ ಎಲ್ಲವೂ ಜಾಸ್ತಿ ಆಗಲ್ಲ. ಎಲೆ, ತೊಗಟೆಯ ಪಾಚಿ, ಕಲ್ಲುಹೂವು ಸೇರಿ ಸಾರಜನಕವನ್ನು ಹೀರಿಕೊಂಡು ಬಯಲಿಗಿಂತ ಕಡಿಮೆ ಇಳಿಸುವುದೂ ಉಂಟು. ಅದರ ಪರೀಕ್ಷೆ ನಾನು ಮಾಡಿಸಿಲ್ಲ.

ಗೊಬ್ಬರದ ಲೆಕ್ಕಕ್ಕೆ ಬರೋಣ. ಲೀಟರಿಗೆ ಒಂದು ಮಿಲಿಗ್ರಾಂ ಇರುವ ನೀರು 100 ಮಿ.ಮೀ. ಬಿದ್ದರೆ ಹೆಕ್ಟೇರಿಗೆ ಒಂದು ಕೆ.ಜಿ. ಆ ಪ್ರಕಾರ ಅತ್ತಿ ಅಡಿ ಹೆಕ್ಟೇರಿಗೆ 8.2 ಕೆ.ಜಿ., ಅಂದರೆ ಎಕರೆಗೆ 3.3 ಕೆ.ಜಿ. ಪೊಟ್ಯಾಸಿಯಂ. ಸಿಲ್ವರ್ ಅಡಿ ಎಕರೆಗೆ 1.2. ಬಯಲಿಗೆ ಕಾಲು ಕೆ.ಜಿ. ಇದನ್ನು ಕೇಳಿ ಅವ್ವನಿಗೆ ತುಂಬಾ ಖುಷಿಯಾಯಿತು. ಆದರೆ ನಮ್ಮ ಅತ್ತಿಯ ನೆರಳು ಒಂದು ಎಕರೆ ಇಲ್ಲ, ಅಡ್ಡಗಲ 50 ಅಡಿ ಮಾತ್ರ. ಅಷ್ಟು ಜಾಗಕ್ಕೆ ಲೆಕ್ಕ ಹಾಕಿದರೆ ಸುಮಾರು 150 ಗ್ರಾಂ ಪೊಟ್ಯಾಸಿಯಂ, ನಾವು ಹಾಕುವ ಪೊಟ್ಯಾಷ್ ಗೊಬ್ಬರದ ಲೆಕ್ಕದಲ್ಲಿ 300 ಗ್ರಾಂ. ಅದು ಹದಿನೇಳು ದಿನಕ್ಕೆ. ಅದರಲ್ಲೂ ಬಹುಪಾಲು ಹೊಸದಾಗಿ ಬಂದದ್ದಲ್ಲ, ಬೇರು ಆಳದಿಂದ ಎತ್ತಿ ಎಲೆಗೆ ತಂದದ್ದು ಮತ್ತೆ ಇಳಿದಿದೆ. ಕಾಫಿ ಬೇರು ಮುಟ್ಟದ ಆಳದಿಂದ ತಂದಿದ್ದರೆ ನನಗೆ ಅದು ಲಾಭವೇ. ಗೊಬ್ಬರ ನಿಲ್ಲಿಸಬಹುದು ಅಂತ ಮಾತ್ರ ಯಾರೂ ಅಂದುಕೊಳ್ಳಬೇಡಿ.

ಆಗಸ್ಟ್ 29 – ಮಂಜಿನ ದಿನ

ಹಿಂದಿನ ಎರಡು ದಿನ ಮಳೆ ಇರಲಿಲ್ಲ. ಬೆಳಗ್ಗೆ ಹತ್ತರವರೆಗೂ ಎದುರಿನ ಗಿಡ ಕಾಣದಷ್ಟು ಮಂಜು. ಬಯಲಿನ ಕ್ಯಾನ್ ಖಾಲಿ. ಅತ್ತಿ ಅಡಿಯ ಕ್ಯಾನಿನಲ್ಲಿ 40 ಎಂ.ಎಲ್. ನೀರು, ಇ.ಸಿ. 210. ಮಳೆಯೇ ಇಲ್ಲದೆ ಮರ ಗಾಳಿಯಿಂದ ನೀರು ಹಿಂಡಿಕೊಂಡಿತ್ತು. ಮಂಜಿನ ಹನಿ ಮಳೆ ಹನಿಗಿಂತ ಸಣ್ಣದು, ಅದರಲ್ಲಿ ಲವಣ ಗಟ್ಟಿಯಾಗಿರುತ್ತದೆ. ಅರಬ್ಬಿ ಸಮುದ್ರ ನಮಗೆ ನೇರಕ್ಕೆ ನೂರು ಕಿ.ಮೀ. ಆಸುಪಾಸು, ಘಟ್ಟ ಹತ್ತಿ ಬರುವ ಗಾಳಿ ಕಡಲಿನ ಉಪ್ಪನ್ನೂ ತರುತ್ತದೆ. ಎಲೆಯ ತುದಿಯಲ್ಲಿ ಒಂದು ಹನಿ ಕೂಡಿ, ತೂಗಿ, ಬೀಳೋಕೆ ಎಷ್ಟು ಹೊತ್ತು ಬೇಕು ಅಂತ ನಿಂತು ಎಣಿಸಿದೆ. ಒಂದು ಎಲೆಯಲ್ಲಿ 50 ಸೆಕೆಂಡ್.

ಖರ್ಚು

ಆಲಿಕೆ 850, ಸಣ್ಣ ಕ್ಯಾನ್ 700, ದೊಡ್ಡ ಕ್ಯಾನ್ 1,600, ಡ್ರಿಪ್ ಪೈಪ್ 30 ಮೀಟರಿಗೆ 360, ಪರದೆ 100, ಟೈ 80, ಟಿ.ಡಿ.ಎಸ್. ಪೆನ್ 250, ಇ.ಸಿ. ಪೆನ್ 1,450, ಪಿಎಚ್ ಪೆನ್ 1,750, ಡಿಸ್ಟಿಲ್ಡ್ ವಾಟರ್ 375, ಸಿಲಿಕಾನ್ ಎರಡೂ ಸೇರಿ 500, ತೋಟದ ಪೈಪ್ 300, ಡ್ರಮ್ 500, ಲ್ಯಾಬ್ ಎರಡು ಸಲ 1,750, ಬಸ್ ಪಾರ್ಸೆಲ್ 120. ಒಟ್ಟು 10,685 ರೂಪಾಯಿ. ಇದರಲ್ಲಿ ಟಿ.ಡಿ.ಎಸ್. ಪೆನ್, ಸಣ್ಣ ಕ್ಯಾನ್, ಮೊದಲ ಸಿಲಿಕಾನ್, ಮೊದಲ ಲ್ಯಾಬ್ ಸೇರಿ 1,880 ದಂಡ.

ಸದ್ಯ ನಿಂತಿರುವ ಕಡೆ

ಎರಡು ಕೆಲಸ ಬಾಕಿ. ಬೊಡ್ಡೆಯ ಪೈಪು ಮತ್ತೆ ಸೋರುತ್ತಿದೆ. ತೊಗಟೆಯ ಮೇಲಿನ ಕಲ್ಲುಹೂವನ್ನು ಕೆರೆಯದೆ ಅಂಟಿಸಿದ್ದೆ, ಅದು ನೆಂದು ಉಬ್ಬಿ ಸಿಲಿಕಾನನ್ನು ಎಬ್ಬಿಸಿದೆ. ಕೆರೆದರೆ ಆ ಜಾಗದ ನೀರಿನ ಗುಣವೇ ಬದಲಾಗುತ್ತಾ ಅನ್ನೋ ಅನುಮಾನ, ಹಾಗಾಗಿ ಇನ್ನೂ ಕೈ ಹಾಕಿಲ್ಲ.

ಇನ್ನೊಂದು, ಧೂಳು ಎಷ್ಟು, ಎಲೆಯದು ಎಷ್ಟು ಅಂತ ಬೇರೆ ಮಾಡೋದು. ಬಯಲಿನಲ್ಲಿ ಒಂದು ಆಲಿಕೆಯ ಮೇಲೆ ನರ್ಸರಿಯ ನೆರಳು ಬಲೆಯನ್ನು ಎಲೆಯ ಹಾಗೆ ಕತ್ತರಿಸಿ ತೂಗುಹಾಕಿದ್ದೇನೆ. ಅದಕ್ಕೂ ಧೂಳು ಕೂರುತ್ತದೆ, ಆದರೆ ಅದರೊಳಗಿಂದ ಏನೂ ಬರಲ್ಲ. ಐದು ಒಣ ದಿನ ಬಿಟ್ಟು ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೊಳೆದಾಗ ಇ.ಸಿ. 2ರಿಂದ 11ಕ್ಕೆ ಹೋಯಿತು. ಅಷ್ಟೇ ನೀರಿನಲ್ಲಿ ಅತ್ತಿಯ ಒಂದು ರೆಂಬೆಯನ್ನು, ಕಡಿಯದೆ ಬಗ್ಗಿಸಿ, ಅದ್ದಿ ತೆಗೆದಾಗ 38. ಎರಡರ ಮೇಲ್ಮೈ ವಿಸ್ತಾರ ಸಮ ಇದೆಯಾ ಅಂತ ಎಲೆಗಳನ್ನು ಚೌಕದ ಹಾಳೆಯ ಮೇಲಿಟ್ಟು ಗೆರೆ ಎಳೆದು ಎಣಿಸುತ್ತಿದ್ದೇವೆ, ಮಗಳ ಕೆಲಸ ಅದು. ಇನ್ನೂ 60 ಎಲೆ ಬಾಕಿ.

ಚಿಕ್ಕಪ್ಪ ಮೊನ್ನೆ ಬಂದಾಗ ನೋಟ್‌ಬುಕ್ ಪೂರ್ತಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೋರ್ಡೋ ಪುಟ ಎರಡು ಸಲ ಓದಿದರು. "ಒಂದು ಮಳೆಗಾಲದ ಲೆಕ್ಕ ಸಾಲದು, ಹೂ ಮಳೆದೂ ನೋಡು" ಅಂದರು. ಕಾಫಿ ಹೂ ಬಿಡಿಸುವ ಬೇಸಿಗೆ ಮಳೆಗೆ ಹಾಗೆ ಅನ್ನೋದು. ಅದು ನಿಜ. ಮಾರ್ಚ್ ಹೊತ್ತಿಗೆ ಮೂರು ತಿಂಗಳ ರಸ್ತೆ ಧೂಳು ಎಲೆ ಮೇಲಿರುತ್ತದೆ, ಮೊದಲ ಅರ್ಧ ಗಂಟೆಯ ಹನಿಯಲ್ಲಿ ಅದೆಲ್ಲ ಇಳಿಯುತ್ತದೆ. ವೇಸ್ಟ್ ಆದ ಆ 5 ಲೀಟರ್ ಕ್ಯಾನುಗಳನ್ನು ತೊಳೆದು, ಮುಚ್ಚಳಕ್ಕೆ ಗಾಳಿ ತೂತು ಹಾಕಿ, ಅದಕ್ಕೆ ಅಂತಲೇ ಅಟ್ಟದಲ್ಲಿ ಇಟ್ಟಿದ್ದೇನೆ.